ಹೈದರಾಬಾದಿನಿಂದ ಒಂದು ಗಂಟೆ ಹತ್ತು ನಿಮಿಷ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಭಾರತಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದಳು. ಆವಲಮ್ಮ ಹೊಸ್ತಿಲ ಮೇಲೆ ಬಿದ್ದಿದ್ದಳು. ತಲೆಯ ಹಿಂದೆ ರಕ್ತ. ಉಸಿರಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ತ್ರಿವೇಣಿ ದೇವರಾಯಸಮುದ್ರ ತಲುಪಿದಾಗ ಅಂಗಳದ ತುಂಬ ಜನ. ಮನೆಯಲ್ಲಿ ಏನೂ ಕಳುವಾಗಿರಲಿಲ್ಲ. ಕತ್ತಿನ ಸರ ಕತ್ತಿನಲ್ಲೇ ಇತ್ತು. ತೋಳಿನ ಮೇಲೆ ಮಾತ್ರ ಬೆರಳುಗಳ ಗುರುತು. ಯಾರೋ ಹಿಡಿದು ತಳ್ಳಿದ್ದರು.

ಒಬ್ಬಳೇ ಮಗಳು ಶ್ಯಾಮಲಾ. ಗಂಡ ಉಮೇಶನ ಹೊಡೆತ ತಾಳಲಾರದೆ ಹೈದರಾಬಾದ್ ಬಿಟ್ಟು ತಾಯಿಯ ಹತ್ತಿರ ಬಂದು ಆರು ತಿಂಗಳಾಗಿತ್ತು. ಮುಳಬಾಗಿಲಿನ ಬಟ್ಟೆ ಅಂಗಡಿಯ ಕೆಲಸದಿಂದ ಈಗಷ್ಟೇ ಓಡಿ ಬಂದಿದ್ದಳು.

"ಹತ್ತು ಗಂಟೆಗೆ ಆವಲಮ್ಮ ನನ್ನ ಜೊತೆ ಮಾತಾಡಿದ್ಲು ಮೇಡಂ," ಎಂದಳು ಭಾರತಮ್ಮ. "ನಿನ್ನೆ ಪಕ್ಕದ ತೋಟದ ಎಲ್ಲಪ್ಪ ಬಂದು ಬೈದು ಹೋದ. ಹಿಪ್ಪುನೇರಳೆ ತೋಟದ ಬದುವಿನ ಜಗಳ."

"ಬೇರೆ ಯಾರಿಗೆ ಸುದ್ದಿ ಕೊಟ್ರಿ?"

"ಅಳಿಯನಿಗೆ. ಸರಿಯಾಗಿ ಹನ್ನೆರಡಕ್ಕೆ. ಹೈದರಾಬಾದಲ್ಲಿದೀನಿ, ಫ್ಲೈಟಲ್ಲಿ ಬರ್ತೀನಿ ಅಂದ."

* * *

ಎಲ್ಲಪ್ಪ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಸಿಕ್ಕ. ನಸುಕಿನಿಂದ ಅಲ್ಲೇ ಇದ್ದ. ಹತ್ತರಿಂದ ಹನ್ನೊಂದರವರೆಗೆ ಕ್ರೇಟು ಇಳಿಸುತ್ತಿದ್ದದ್ದು ಮಂಡಿಯ ಕ್ಯಾಮೆರಾದಲ್ಲಿತ್ತು.

"ಜಗಳ ಆಡಿದ್ದು ನಿಜ. ಅದಕ್ಕೆ ಕೊಲ್ತೀನಾ ಮೇಡಂ?" ಅವನ ಕಣ್ಣು ತುಂಬಿತ್ತು.

* * *

ಮೂರೂವರೆಗೆ ಉಮೇಶ ಮುಳಬಾಗಿಲು ಆಸ್ಪತ್ರೆಗೆ ಬಂದ. ಶವಾಗಾರದ ಮುಂದೆ ಕುಸಿದು ಕೂತು ಅತ್ತ.

ತ್ರಿವೇಣಿ ಪಕ್ಕದಲ್ಲಿ ಕೂತಳು. "ಬೇಗ ಬಂದ್ರಿ."

"ಮಧ್ಯಾಹ್ನ ಒಂದು ಗಂಟೆ ಫ್ಲೈಟು ಸಿಕ್ತು. ಬೆಂಗಳೂರಿಗೆ ಗಂಟೆ ಹತ್ತು ನಿಮಿಷ ಅಷ್ಟೇ. ಅಲ್ಲಿಂದ ಕಾರು."

"ಇದಕ್ಕೆ ಮುಂಚೆ ವಿಮಾನ ಹತ್ತಿದ್ರಾ?"

"ಇಲ್ಲ, ಇದೇ ಮೊದಲು."

"ಹತ್ತಿದ್ರೆ ಗೊತ್ತಿರೋದು. ಗಂಟೆ ಹತ್ತು ನಿಮಿಷ ಆಕಾಶದಲ್ಲಿರೋ ಹೊತ್ತು ಮಾತ್ರ. ಹೈದರಾಬಾದ್ ಊರಿಂದ ಏರ್‌ಪೋರ್ಟಿಗೇ ಒಂದು ಗಂಟೆ ಬೇಕು. ಹೊರಡೋಕೆ ಒಂದು ಗಂಟೆ ಮುಂಚೆಯಾದ್ರೂ ಅಲ್ಲಿರಬೇಕು. ಹನ್ನೆರಡಕ್ಕೆ ಸುದ್ದಿ ಕೇಳಿದವರು ಒಂದು ಗಂಟೆ ವಿಮಾನ ಹತ್ತೋಕಾಗಲ್ಲ. ಬೆಂಗಳೂರಲ್ಲಿ ಇಳಿದ್ಮೇಲೂ ದೇವನಹಳ್ಳಿಯಿಂದ ಇಲ್ಲಿಗೆ ಎರಡು ಗಂಟೆ ರಸ್ತೆ. ಏನು ಮಾಡಿದ್ರೂ ಐದು ಗಂಟೆ ಒಳಗೆ ಬರೋಕಾಗಲ್ಲ ಉಮೇಶ್. ನೀವು ಇಲ್ಲೇ ಎಲ್ಲೋ ಇದ್ರಿ. ಟಿಕೆಟ್ ತೋರಿಸಿ."

ಅವನ ಕೈ ಜೇಬಿನತ್ತ ಹೋಗಿ ಅಲ್ಲೇ ನಿಂತಿತು.

"ಶ್ಯಾಮಲಾನ ಕರ್ಕೊಂಡು ಹೋಗೋಕೆ ಬಂದೆ," ಎಂದ. "ಎಲ್ಲಿದಾಳೆ ಅಂದೆ. ಅತ್ತೆ ಬಾಯೇ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತ್ರು. ಒಳಗೇ ಇದಾಳೆ ಅಂದ್ಕೊಂಡು ತಳ್ಳಿದೆ. ಹೊಸ್ತಿಲ ಕಲ್ಲು ತಲೆಗೆ ಬಡೀತು."

ಓಡಿಹೋಗಿ ಗಡಿಯ ಹತ್ತಿರದ ನಂಗಲಿಯಲ್ಲಿ ಆಂಧ್ರದ ಬಸ್ಸಿಗೆ ಕಾಯುತ್ತಿದ್ದಾಗ ಭಾರತಮ್ಮನ ಫೋನು ಬಂದಿತ್ತು. ಬರದಿದ್ದರೆ ಅನುಮಾನ ಬರುತ್ತದೆಂದು ಹೆದರಿದ. ವಿಮಾನಕ್ಕೆ ಎಷ್ಟು ಹೊತ್ತೆಂದು ಮೊಬೈಲಿನಲ್ಲಿ ನೋಡಿದ. ಅದನ್ನೇ ನಂಬಿದ. ಹನ್ನೆರಡಕ್ಕೆ ಅವನ ಫೋನು ನಂಗಲಿಯ ಟವರಿನಲ್ಲಿ ಇದ್ದದ್ದು ಸಂಜೆ ಖಚಿತವಾಯಿತು.

* * *

ಶ್ಯಾಮಲಾ ಆಸ್ಪತ್ರೆಯ ಬೇವಿನ ಮರದಡಿ ನಿಂತಿದ್ದಳು. ತ್ರಿವೇಣಿ ಎಲ್ಲ ಹೇಳಿದಳು. ಏನನ್ನೂ ಬಚ್ಚಿಡಲಿಲ್ಲ.

"ಅಂಗಡಿಗೆ ಹೋಗಿದಾಳೆ ಅಂದಿದ್ರೆ ಅಮ್ಮ ಉಳೀತಿದ್ಲು, ಅಲ್ವಾ ಮೇಡಂ?"

ತ್ರಿವೇಣಿ ಅವಳ ಕೈ ಹಿಡಿದುಕೊಂಡು ಅಲ್ಲೇ ನಿಂತಳು.