ಮುನಿದ ಮೀನಿಗೆ ಮದುವೆಯ ಕೌದಿ

ಮೊದಲ ಹನಿ ಬಿದ್ದಾಗ ಅದು ಕನಸಿನೊಳಗಿನದೇ ಎಂದುಕೊಂಡಳು ಜಿಬೆಕ್.

ಭಾನುವಾರದ ಮಧ್ಯಾಹ್ನ. ಕಿಟಕಿಯಾಚೆ ಬಿಷ್ಕೆಕ್ ನಗರದ ಮೇಲೆ ಆ ವರ್ಷದ ಮೊದಲ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ಸೋಫಾದ ಮೇಲೆ ಅರೆನಿದ್ದೆಯಲ್ಲಿದ್ದವಳಿಗೆ ಎರಡನೆಯ ಹನಿಯ ಸದ್ದೂ ಕೇಳಿಸಿತು. ಆಮೇಲೆ ಮೂರನೆಯದು...

ಕಣ್ಣು ತೆರೆದಳು. ಚಾವಣಿಯಲ್ಲಿ ಊಟದ ತಟ್ಟೆಯಷ್ಟಗಲದ ಒದ್ದೆ ಕಲೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದುದು ಅವಳ ಕೌದಿಗಳ ರಾಶಿಗೆ ಒಂದೇ ಗೇಣು ದೂರದಲ್ಲಿ!

ಹನ್ನೆರಡು ಕೌದಿಗಳು. ಅವಳು ಶಾಲೆ ಮುಗಿಸಿದ ವರ್ಷದಿಂದ ತಾಯಿ ಬಾತ್ಮಾ ತುಂಡು ತುಂಡು ಬಟ್ಟೆ ಕೂಡಿಸಿ, ಒಳಗೆ ಕುರಿಯ ಉಣ್ಣೆ ತುಂಬಿ ಹೊಲಿದವು. ಮರದ ಪೆಟ್ಟಿಗೆಯ ಮೇಲೆ ಆಳೆತ್ತರಕ್ಕೆ ಪೇರಿಸಿಟ್ಟಿದ್ದಳು. ಮಗಳ ಮದುವೆಯ ದಿನವೇ ಅವುಗಳ ಮಡಿಕೆ ಬಿಚ್ಚಬೇಕು. ಅದಕ್ಕೆ ಮೊದಲು ಯಾರೂ ಬಿಚ್ಚುವಂತಿಲ್ಲ.

ಎರಡು ವರ್ಷದ ಹಿಂದೆ ಆ ದಿನ ನಿಶ್ಚಯವಾಗಿತ್ತು. ಮೂರು ವಾರ ಉಳಿದಿರುವಾಗ ಹುಡುಗನ ಕಡೆಯವರು ಫೋನಿನಲ್ಲೇ ಬೇಡವೆಂದರು. ಅಂದಿನಿಂದ ಜಿಬೆಕ್ ಪ್ರತಿ ಶನಿವಾರ ಕೌದಿಗಳ ಧೂಳು ಒರೆಸುತ್ತಾಳೆ. ಒರೆಸುವಾಗೆಲ್ಲ ಒಂದೇ ಮಾತು ಹೇಳಿಕೊಳ್ಳುತ್ತಾಳೆ: ಇನ್ನು ಯಾರಿಗಾಗಿಯೂ ಕಾಯುವುದಿಲ್ಲ.

ರಾಶಿಯನ್ನು ಪೆಟ್ಟಿಗೆ ಸಮೇತ ಆಚೆ ಬದಿಯ ಗೋಡೆಗೆ ತಳ್ಳಿ, ಚಪ್ಪಲಿ ಹಾಕುವುದನ್ನೂ ಮರೆತು ಮೇಲಿನ ಮಹಡಿಗೆ ಓಡಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ನೆಲವೆಲ್ಲ ನೀರು. ಅಂಗಿಯ ತೋಳು ಹೆಗಲವರೆಗೆ ಒದ್ದೆಯಾಗಿದ್ದ ಗಂಡಸೊಬ್ಬ ಮೊಣಕಾಲೂರಿ, ಕೈಗೆ ಸಿಕ್ಕ ಟವೆಲು, ಸ್ವೆಟರು, ಹಾಸುಬಟ್ಟೆಯಂತೆ ಕಾಣುವ ಏನನ್ನೋ ನೆಲಕ್ಕೆ ಒತ್ತಿ ಹಿಂಡುತ್ತಿದ್ದ.

"ಕ್ಷಮಿಸಿ," ಎಂದ ಅವನು, ತಲೆ ಎತ್ತದೆ. "ತೊಟ್ಟಿಗೆ ನೀರು ತುಂಬಿಸ್ತಿದ್ದೆ. ಪೈಪನ್ನ ಕಿತ್ತು ಹೊರಗೆ ಹಾಕಿದ್ದು ನಾನಲ್ಲ, ಅವಳು."

"ಯಾರು?"

ಅವನು ಬೆರಳು ತೋರಿಸಿದ. ಗೋಡೆಯುದ್ದದ ಗಾಜಿನ ತೊಟ್ಟಿ. ಅದರೊಳಗಿನ ನಸುಹಳದಿ ಬೆಳಕಿನಲ್ಲಿ ಒಂದಡಿ ಉದ್ದದ ಮೀನು ನಿಂತಿತ್ತು. ಕಪ್ಪು ಮೈ, ಅದರ ಮೇಲೆ ಆರುತ್ತಿರುವ ಕೆಂಡದಂಥ ಗೆರೆಗಳು, ಬಾಲದ ಬುಡದಲ್ಲಿ ಕಿತ್ತಳೆ ಬಣ್ಣದ ಉಂಗುರ. ಗಾಜಿಗೆ ಮೂತಿ ತಾಗಿಸಿ, ಒಂದು ಕಣ್ಣನ್ನು ಮೆಲ್ಲನೆ ಹೊರಳಿಸಿ, ಜಿಬೆಕ್‌ಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

ಆಸ್ಕರ್ ಜಾತಿಯ ಮೀನು. ಹೆಸರು ಬಾಯ್‌ಬಿಚೆ. ಕಿರ್ಗಿಜ್ ಮಾತಿನಲ್ಲಿ ಮನೆಯ ಹಿರಿಯ ಯಜಮಾನಿಯನ್ನು ಹಾಗೆ ಕರೆಯುತ್ತಾರೆ.

ಬೈಯಲೆಂದು ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಜಿಬೆಕ್‌ಳಿಗೆ ಮರೆತುಹೋದವು. ಅವಳು ಬಾಗಿ ಒಂದು ಟವೆಲು ಎತ್ತಿ ಹಿಂಡತೊಡಗಿದಳು.

ಅವನ ಹೆಸರು ಮಿರ್ಲಾನ್. ಕಣಿವೆಯ ಮೇಲಿನ ಹಿಮ ವೀಕ್ಷಣಾ ಠಾಣೆಯಲ್ಲಿ ಕೆಲಸ. ಹತ್ತು ದಿನ ಮೇಲಿದ್ದು ಹಿಮದ ಪದರಗಳನ್ನು ಅಳೆದು, ಯಾವಾಗ ಕುಸಿದೀತೆಂದು ಬರೆದು, ಮತ್ತೆ ಹತ್ತು ದಿನ ಕೆಳಗಿರುತ್ತಿದ್ದ. ತನ್ನ ಮನೆಯ ಚಾವಣಿಗೆ ಅವನೇ ಸುಣ್ಣ ಬಳಿಯಬೇಕೆಂದು ಬಾತ್ಮಾ ಆಜ್ಞೆ ಮಾಡಿದಳು. ಬಂದ, ಬಳಿದ, ಮೂರು ಬಟ್ಟಲು ಚಹಾ ಕುಡಿದ. ಮಗಳು ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾಳೆಂದು ತಿಳಿದಾಗ ಅವನ ಮುಖ ಅರಳಿತು. ಥರ್ಮಾಮೀಟರ್ ನೋಡಲು ಬಲ್ಲವರ ಕೈಗೆ ಮೀನನ್ನು ನಂಬಿ ಕೊಡಬಹುದೆಂದು, ಮೇಲೆ ಹೋಗುವ ದಿನ ಮನೆಯ ಕೀಲಿ ತಂದುಕೊಟ್ಟ.

ತೊಟ್ಟಿಯ ಪಕ್ಕ ಅವನ ಕೈಬರಹದ ಚೀಟಿ ಅಂಟಿಸಿತ್ತು. ನೀರು ಇಪ್ಪತ್ತಾರು ಡಿಗ್ರಿ ಇರಬೇಕು. ವಾರಕ್ಕೊಮ್ಮೆ ಮೂರನೇ ಒಂದು ಭಾಗವನ್ನು ಮಾತ್ರ ಬದಲಿಸಬೇಕು. ಹೊಸ ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು, ಅಷ್ಟೇ ಬೆಚ್ಚಗೆ ಮಾಡಿ ಹಾಕಬೇಕು. ದನದ ಮಾಂಸ ಬೇಡ, ಅದರ ಕೊಬ್ಬು ಅವಳಿಗೆ ಜೀರ್ಣವಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಊಟ. ಹಸಿದವಳಂತೆ ನಟಿಸುತ್ತಾಳೆ, ನಂಬಬೇಡಿ.

ಜಿಬೆಕ್ ನಂಬಿದಳು. ಮೊದಲ ವಾರ ಎರಡು ಸಲ ನಂಬಿದಳು.

ಕೆಲಸ ಮುಗಿಸಿ ಬಂದು, ಕೋಟು ಬಿಚ್ಚದೆ ತೊಟ್ಟಿಯ ಮುಂದಿನ ಸ್ಟೂಲಿನಲ್ಲಿ ಕೂರುವಳು. ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ಬೇರೆಯದೇ ದೇಶ. ಬೆಚ್ಚನೆಯ, ನಿಧಾನದ, ತೂಕವಿಲ್ಲದ ದೇಶ... ಅವಳ ಬೆರಳು ಗಾಜಿನ ಮೇಲೆ ಎತ್ತ ಜಾರಿದರೆ ಬಾಯ್‌ಬಿಚೆ ಅತ್ತ ತೇಲಿ ಬರುತ್ತಿತ್ತು. ಎರೆಹುಳುವನ್ನು ಬೆರಳ ತುದಿಯಿಂದ, ಚರ್ಮಕ್ಕೆ ತಾಗದಂತೆ ಎತ್ತಿಕೊಳ್ಳುತ್ತಿತ್ತು. ಇಷ್ಟವಿಲ್ಲದ ಜಾಗದಲ್ಲಿ ಕಲ್ಲು ಕಂಡರೆ ಬಾಯಲ್ಲಿ ಕಚ್ಚಿ ಮೂಲೆಗೆ ಎಸೆಯುತ್ತಿತ್ತು.

ಒಂದು ಸಂಜೆ ಜಿಬೆಕ್ ಅದರ ಮುಂದೆ, ಆ ಫೋನಿನ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟಳು. ತಾಯಿಗೂ ಅಷ್ಟು ಹೇಳಿರಲಿಲ್ಲ. ಬಾಯ್‌ಬಿಚೆ ಕದಲದೆ ಕೇಳಿತು.

ಅವನು ಕೆಳಗಿಳಿದ ದಿನಗಳಲ್ಲಿ ಸ್ಟೂಲುಗಳು ಎರಡಾದವು. ಒಂದೇ ಚಳಿಗಾಲದ ಹಿಮವಾದರೂ ಪದರ ಪದರವೂ ಬೇರೆ, ಯಾವ ದಿನದ ಬಿಸಿಲು ಎಲ್ಲಿ ತಾಗಿತ್ತೆಂದು ಅಡ್ಡ ಕತ್ತರಿಸಿದರೆ ಓದಬಹುದು ಎನ್ನುತ್ತಿದ್ದ. ಹಾಲಿನಲ್ಲಿ ನೀರು ಬೆರೆತದ್ದು ಹೇಗೆ ಗೊತ್ತಾಗುತ್ತದೆಂದು ಅವಳು ವಿವರಿಸುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಗಾಜಿನಲ್ಲಿ ಕಾಣುವ ಎರಡು ಮಸುಕು ಮುಖಗಳನ್ನು ನೋಡುತ್ತಿದ್ದರು.

'ಕಾಯುವುದಿಲ್ಲ ಎಂದಿದ್ದೆಯಲ್ಲ?' ಜಿಬೆಕ್ ತನ್ನನ್ನೇ ಕೇಳಿಕೊಂಡಳು. ಅವನು ಹಿಂತಿರುಗುವ ದಿನ ಮಾತ್ರ ಕ್ಯಾಲೆಂಡರ್ ನೋಡದೆಯೇ ತಿಳಿದುಬಿಡುತ್ತಿತ್ತು.

ತಪ್ಪಾದದ್ದು ಜನವರಿಯಲ್ಲಿ.

ಅವನು ಬರುವ ಹಿಂದಿನ ದಿನ, ನೋಡಿ ಖುಷಿಪಡಲಿ ಎಂದು ಅವಳು ತೊಟ್ಟಿಯನ್ನು ಸಿಂಗರಿಸಿದಳು. ಗಾಜಿನ ಪಾಚಿ ಉಜ್ಜಿದಳು. ಕಲ್ಲುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಬಾಯಿ ಒಡೆದ ಹಳೆಯ ಮಣ್ಣಿನ ಮಡಕೆಯನ್ನು ತೆಗೆದು, ಭಾನುವಾರದ ಸಂತೆಯಿಂದ ತಂದ ನೀಲಿ ಬಣ್ಣದ ಹೊಸ ಮಡಕೆ ಇಟ್ಟಳು.

ಮರುದಿನ ಬೆಳಿಗ್ಗೆ ಬಾಯ್‌ಬಿಚೆ ತಳದಲ್ಲಿ ಒಂದು ಪಕ್ಕಕ್ಕೆ ಒರಗಿ ಬಿದ್ದಿತ್ತು. ಕೆಂಡದ ಗೆರೆಗಳೆಲ್ಲ ಆರಿ ಮೈ ಇದ್ದಿಲಾಗಿತ್ತು. ಕಿವಿರು ಮಾತ್ರ ಆಗೊಮ್ಮೆ ಈಗೊಮ್ಮೆ ಆಡುತ್ತಿತ್ತು.

ಜಿಬೆಕ್ ಥರ್ಮಾಮೀಟರ್ ನೋಡಿದಳು. ನೀರಿನ ಬಿಸಿ ಸರಿಯಿತ್ತು. ಫಿಲ್ಟರ್ ಓಡುತ್ತಿತ್ತು. ಅಳೆಯಬಹುದಾದ್ದೆಲ್ಲ ಸರಿಯಿತ್ತು... ಕೊಂದುಬಿಟ್ಟೆನೇ?

ಮಿರ್ಲಾನ್ ಬಂದಾಗ ಅವಳು ಅಳುತ್ತಾ ಕೂತಿದ್ದಳು. ಅವನು ತೊಟ್ಟಿಯನ್ನೂ ನೀಲಿ ಮಡಕೆಯನ್ನೂ ನೋಡಿದ. ದೀಪ ಆರಿಸಿದ. ಗಾಜಿಗೆ ಹೊದಿಕೆ ಇಳಿಬಿಟ್ಟ. ಆಮೇಲೆ ಅವಳತ್ತ ತಿರುಗದೆ, ತುಂಬ ತಗ್ಗಿದ ದನಿಯಲ್ಲಿ ಹೇಳಿದ:

"ಸ್ವಲ್ಪ ದಿನ ಇಲ್ಲಿಗೆ ಯಾರೂ ಬರದಿದ್ರೆ ಒಳ್ಳೇದು."

ಅವಳು ಎದ್ದಳು. ಇಂಥ ಮಾತನ್ನು ಅವಳು ಮೊದಲೂ ಕೇಳಿದ್ದಳು. ಆಗ ಫೋನಿನಲ್ಲಿ, ಈಗ ಎದುರಿನಲ್ಲಿ. ಬಾಗಿಲು ಎಳೆದುಕೊಂಡು ಇಳಿದುಹೋದಳು.

ಹತ್ತು ದಿನವೂ ತಲೆಯ ಮೇಲೆ ಅವನ ಹೆಜ್ಜೆ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಿಟಕಿಗೆ. ಒಂದು ಸಲವೂ ಅವನು ಬಂದು ಬಾಗಿಲು ತಟ್ಟಲಿಲ್ಲ. ಆಮೇಲೆ ಹೆಜ್ಜೆ ನಿಂತಿತು, ಠಾಣೆಗೆ ಹೋಗಿದ್ದ.

ಕೀಲಿಯನ್ನು ಅವನೂ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಅದು ಅವಳ ಕೋಟಿನ ಜೇಬಿನಲ್ಲೇ ಇತ್ತು. ಮೀನು ಬದುಕಿದೆಯೋ ಇಲ್ಲವೋ ಎಂದು ನೋಡಿಬರುವ ಧೈರ್ಯವೂ ಅವಳಿಗಿರಲಿಲ್ಲ.

ಫೆಬ್ರವರಿಯ ಆರಂಭದಲ್ಲಿ ಚಳಿ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗಿಳಿಯಿತು. ಬಡಾವಣೆಯ ಮನೆಮನೆಯಲ್ಲೂ ವಿದ್ಯುತ್ ಒಲೆ ಉರಿಯಿತು. ಬೆಳಿಗ್ಗೆ ಹನ್ನೊಂದಕ್ಕೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಾಳೆಯವರೆಗೆ ಕರೆಂಟಿಲ್ಲ ಎಂದು ಮೆಟ್ಟಿಲಲ್ಲಿ ಯಾರೋ ಕೂಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಬಿಸಿನೀರಿನ ಪಂಪೂ ನಿಂತು ಗೋಡೆಯ ಕೊಳವೆಗಳು ತಣ್ಣಗಾದವು.

ಜಿಬೆಕ್ ಜೇಬಿನಲ್ಲಿ ಕೀಲಿಯನ್ನು ಹಿಡಿದು ಒಂದು ನಿಮಿಷ ನಿಂತಳು. ಸತ್ತ ಮೀನನ್ನು ನೋಡಬೇಕಾದರೆ? ಆದರೆ ಬದುಕಿದ್ದರೆ...

ಹೋದಳು. ಬಾಯ್‌ಬಿಚೆ ಬದುಕಿತ್ತು! ಹಳೆಯ ಒಡಕು ಮಡಕೆಯ ಪಕ್ಕ ನಿಂತಿತ್ತು. ಅವಳನ್ನು ಕಂಡದ್ದೇ ಇಡೀ ಮೈ ಬಳುಕಿಸುತ್ತಾ ಗಾಜಿಗೆ ಬಂತು.

ನೀರು ಇಪ್ಪತ್ತೈದು. ಮುಕ್ಕಾಲು ಗಂಟೆಯ ನಂತರ ಇಪ್ಪತ್ನಾಲ್ಕೂವರೆ. ಜಿಬೆಕ್ ಲೆಕ್ಕ ಹಾಕಿದಳು. ಹೀಗೇ ಇಳಿದರೆ ಬೆಳಗಾಗುವ ಮೊದಲೇ ಹದಿನೈದು. ಬಿಸಿ ನಾಡಿನ ಈ ಜೀವ ಅಷ್ಟರವರೆಗೆ ಉಳಿಯುವುದಿಲ್ಲ. ಹೊದಿಸಬೇಕು. ಮಿರ್ಲಾನನ ಮನೆಯಲ್ಲಿದ್ದುದು ಎರಡು ತೆಳು ಕಂಬಳಿ. ಇಷ್ಟು ದೊಡ್ಡ ತೊಟ್ಟಿಗೆ ಉಣ್ಣೆ ಬೇಕು, ದಪ್ಪನೆಯ ಉಣ್ಣೆ.

ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

ಕೆಳಗಿಳಿದು ಕೌದಿಗಳ ರಾಶಿಯ ಮುಂದೆ ನಿಂತಳು. ಬಿಚ್ಚಿದ ಮೇಲೆ ಇವನ್ನು ಮತ್ತೆ ಹೊಸತೆಂದು ಪೇರಿಸಲಾಗದು. ಮತ್ತೊಬ್ಬರ ಮನೆಗೆ ಕಳಿಸಲಾಗದು. ಅಡುಗೆಮನೆಯ ಬಾಗಿಲಲ್ಲಿ ಬಾತ್ಮಾ ಬಂದು ನಿಂತಿದ್ದಳು.

"ಮೀನಿಗಾ?" ಎಂದಳು.

"ಹೂಂ, ಅಮ್ಮಾ."

"ಮೀನಿಗೆ ಮಾತ್ರಾನಾ?"

ಜಿಬೆಕ್ ಕೈ ಚಾಚಿದಳು. ಮೇಲಿನ ಕೌದಿಯ ಮಡಿಕೆ ಬಿಚ್ಚಿದಳು. ಎಷ್ಟೋ ವರ್ಷ ಕತ್ತಲಲ್ಲಿದ್ದ ಕೆಂಪು, ಹಳದಿ, ಹಸಿರು ತುಂಡುಗಳು ಒಮ್ಮೆಲೇ ಬೆಳಕಿಗೆ ಬಂದವು.

ಬಾತ್ಮಾ ನಿಟ್ಟುಸಿರಿಟ್ಟಳು. ಆಮೇಲೆ ಕೆಳಗಿನ ಮೂರು ಕೌದಿಗಳನ್ನು ತಾನೇ ಹೆಗಲಿಗೇರಿಸಿದಳು. "ದಪ್ಪದ್ದು ಇವು. ಮೇಲಿನವು ಬರೀ ಅಂದಕ್ಕೆ," ಎಂದು ಮೆಟ್ಟಿಲು ಹತ್ತಿದಳು.

ಹಗಲು ಕಳೆಯಿತು, ರಾತ್ರಿಯೂ ಕಳೆಯಿತು. ತಾಯಿ ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿದು ಕೊಟ್ಟಳು. ಮಗಳು ಅವನ್ನು ತೊಟ್ಟಿಗೆ ಇಳಿಸಿದಳು. ಫಿಲ್ಟರ್ ನಿಂತ ನೀರಿನಲ್ಲಿ ಮೀನಿಗೆ ಉಸಿರು ಕಟ್ಟದಿರಲಿ ಎಂದು ಜಿಬೆಕ್ ಜಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಸುರಿದಳು. ಎತ್ತಿದಳು, ಸುರಿದಳು. ಯಾವುದೋ ದೂರದ ತೊರೆಯ ದಡದಲ್ಲಿ ಕೂತಂತಿತ್ತು ಅವಳಿಗೆ... ಕನಸು ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ಶುರುವಾಯಿತು ತಿಳಿಯಲಿಲ್ಲ.

ಬೆಳಕು ಹರಿದಾಗ ಬಾಗಿಲು ತೆರೆದ ಸದ್ದಾಯಿತು.

ಮಿರ್ಲಾನ್. ಹುಬ್ಬಿನ ಮೇಲೆಲ್ಲ ಹಿಮ. ರಸ್ತೆಯ ಹಿಮ ಸರಿಸುವ ಲಾರಿಯ ಚಾಲಕನಿಂದ ಕರೆಂಟು ಹೋದ ಸುದ್ದಿ ತಿಳಿದು, ಅದೇ ಲಾರಿಯಲ್ಲಿ ಇಳಿದು ಬಂದಿದ್ದ. ಬಾಗಿಲಲ್ಲೇ ನಿಂತುಬಿಟ್ಟ. ಅವನ ಮನೆಯ ಗೋಡೆಯುದ್ದಕ್ಕೂ ಒಂದು ಮದುವೆ ನಿಂತಿತ್ತು. ಕೆಂಪು, ಹಳದಿ, ಹಸಿರು.

ಬಾತ್ಮಾ ಎದ್ದು ಶಾಲು ಸರಿಮಾಡಿಕೊಂಡಳು. "ಬಂದ್ಯಾ? ನಿನ್ನ ಯಜಮಾನಿಗೆ ನನ್ನ ಮಗಳ ಹಾಸಿಗೆ ಹೊದಿಸಿದೀವಿ. ಮಡಿಕೆ ಬಿಚ್ಚಿದ್ದನ್ನ ನಾನು ವಾಪಸ್ ತಗೊಳಲ್ಲ. ಏನು ಮಾಡ್ತೀರೋ ನೀವೇ ನೋಡ್ಕೊಳ್ಳಿ," ಎಂದವಳೇ ಚಹಾಕ್ಕೆ ಹಾಲು ತರುವ ನೆಪ ಹೇಳಿ ಕೆಳಗೆ ಹೋದಳು.

ಅವನು ಕೌದಿಯ ಅಂಚನ್ನು ಮೆಲ್ಲನೆ ಸರಿಸಿದ. ಥರ್ಮಾಮೀಟರ್ ಇಪ್ಪತ್ತೆರಡು ತೋರಿಸುತ್ತಿತ್ತು. ಬಾಯ್‌ಬಿಚೆ ತಳದಲ್ಲಿ ಪಕ್ಕಕ್ಕೆ ಒರಗಿ, ಕಪ್ಪಾಗಿ ಬಿದ್ದಿತ್ತು.

ಜಿಬೆಕ್‌ಳ ಕೈಯಿಂದ ಜಗ್ಗು ಜಾರಿತು.

"ಏನೂ ಆಗಿಲ್ಲ," ಎಂದ ಮಿರ್ಲಾನ್. ಅವನ ದನಿಯಲ್ಲಿ ನಗು, ನಗುವಿನೊಳಗೆ ನಡುಕ. "ಮುನಿಸಿಕೊಂಡಿದಾಳೆ ಅಷ್ಟೇ. ಬಾಟಲಿ ಅವಳಿಗೆ ಇಷ್ಟವಾಗಿಲ್ಲ. ಅವತ್ತು ಮಡಕೆ ಇಷ್ಟವಾಗ್ಲಿಲ್ಲ. ಈ ಜಾತಿನೇ ಹೀಗೆ. ಮಾತಾಡಿಸಬಾರದು, ನೋಡಬಾರದು, ದೀಪ ಆರಿಸಿ ಬಿಟ್ಟುಬಿಡಬೇಕು. ತಾವಾಗೇ ಬರ್ತಾವೆ."

"ಅದಕ್ಕೇ ಯಾರೂ ಬರಬೇಡಿ ಅಂದ್ರಾ?"

"ಅವಳಿಗೋಸ್ಕರ ಹೇಳಿದ್ದು..."

"ಮತ್ತೆ ನಾನು? ಹತ್ತು ದಿನ ಮೇಲೆ ಓಡಾಡಿದ್ರಲ್ಲ. ಒಂದ್ಸಲ ಇಳಿದು ಬರಬಾರದಿತ್ತಾ?"

ಅವನು ಒದ್ದೆ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಬಂದಿದ್ದೆ. ನಿಮ್ಮ ಬಾಗಿಲವರೆಗೆ, ದಿನಾ. ನೀವು ಮುನಿಸಿಕೊಂಡಿದೀರ ಅಂತ ಗೊತ್ತಾಯ್ತು... ಬಿಟ್ಟುಬಿಡಬೇಕು ಅಂದ್ಕೊಂಡೆ. ನನಗೆ ಗೊತ್ತಿರೋದು ಅದೊಂದೇ."

ಜಿಬೆಕ್ ಅವನನ್ನೇ ನೋಡಿದಳು. ಎರಡು ವರ್ಷದಿಂದ ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದ ಏನೋ ಒಂದು ಪದರ ಮೆಲ್ಲನೆ ಜಾರಿತು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

"ನಾನು ಮೀನಲ್ಲ, ಮಿರ್ಲಾನ್."

"ಇವತ್ತು ಗೊತ್ತಾಯ್ತು," ಎಂದ ಅವನು. ಕೌದಿಯ ಒಂದು ಹಳದಿ ತುಂಡನ್ನು ಬೆರಳಿಂದ ಸವರಿದ. "ಇವನ್ನ ಹೊತ್ಕೊಂಡು ಬಂದಾಗ ಏನು ಯೋಚನೆ ಮಾಡಿದೆ? ನಿಜ ಹೇಳು."

ಅವನು ಮೊದಲ ಬಾರಿ ಏಕವಚನದಲ್ಲಿ ಕರೆದಿದ್ದ. ಅದು ಅವನಿಗೆ ತಿಳಿದಂತೆಯೂ ಇರಲಿಲ್ಲ.

"ವಾಪಸ್ ಕೆಳಗೆ ಹೋಗಬೇಕಾಗದಿರಲಿ ಅಂತ," ಎಂದಳು ಜಿಬೆಕ್. "ಕೌದಿಗಳೂ... ನಾನೂ."

ಅವನು ತಣ್ಣನೆಯ ತನ್ನ ಎರಡು ಕೈಗಳಲ್ಲಿ ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡ. ಬೆಚ್ಚಗೆ ಮಾಡಲು ನೋಡಿದ. ಇಬ್ಬರಲ್ಲಿ ಯಾರ ಕೈಯೂ ಬೆಚ್ಚಗಿರಲಿಲ್ಲ. ಆದರೂ ಬಿಡಲಿಲ್ಲ.

"ಇಲ್ಲೇ ಇರು," ಎಂದ.

ಟಕ್ ಎಂದು ಎಲ್ಲೋ ಸದ್ದಾಯಿತು. ಕರೆಂಟು ಬಂದಿತ್ತು. ಕೌದಿಗಳ ಸಂದಿನಿಂದ ನಸುಹಳದಿ ಬೆಳಕು ಕೋಣೆಯೊಳಗೆ ಹರಿಯಿತು. ಆ ಸಂದಿನಲ್ಲಿ, ಗಾಜಿಗೆ ಮೂತಿ ತಾಗಿಸಿ, ಒಂದು ಕಣ್ಣು ಹೊರಳಿಸಿ ಬಾಯ್‌ಬಿಚೆ ಇಬ್ಬರನ್ನೂ ನೋಡುತ್ತಿತ್ತು.

"ಇನ್ನೊಂದ್ಸಲ ನಾನು ಮುನಿಸಿಕೊಂಡ್ರೆ ಏನು ಮಾಡ್ತೀಯ?" ಅವಳು ಅವನ ಹೆಗಲಿಗೆ ಹಣೆ ಆನಿಸಿ ಕೇಳಿದಳು.

"ದೀಪ ಆರಿಸಲ್ಲ. ಬಾಗಿಲು ತಟ್ತೀನಿ."

"ತೆಗೀದಿದ್ರೆ?"

"ಮೇಲಿಂದ ನೀರು ಬಿಡ್ತೀನಿ. ನೀನೇ ಓಡಿ ಬರ್ತೀಯ."