ಉಚ್ಚಂಗಪ್ಪನ ಬಿಲ್ಲೆ

ಗುತ್ಯಪ್ಪ ನಕ್ಕುಬಿಟ್ಟ. ನಗಬಾರದಿತ್ತು, ಪಾಪಿ!

ಐವತ್ತೇಳರ ಎಲೆಕ್ಷನ್ ಮುಗಿದ ಮೇಲೆ ಉಳವಿಯಿಂದ ಶಿಕಾರಿಪುರಕ್ಕೆ ಬಂದು ಸರ್ಕಾರಿ ಕಚೇರಿಯೊಂದರಲ್ಲಿ ಬದಲಿ ಜವಾನನಾಗಿದ್ದ. ಬದಲಿ ಎಂದರೆ ಗೊತ್ತಲ್ಲ? ದಿನಾ ಬೆಳಿಗ್ಗೆ ಕಚೇರಿ ಕಟ್ಟೆಯ ಮೇಲೆ ಕೂತಿರಬೇಕು. ಕಾಯಂ ಜವಾನ ಬಾರದಿದ್ದರೆ ಅವನ ಖಾಕಿ ಕೋಟು, ಹಿತ್ತಾಳೆ ಬಿಲ್ಲೆ ತೊಟ್ಟು ಅವತ್ತಿನ ಕೂಲಿ ದುಡಿಯಬೇಕು. ಅವನು ಬಂದನೋ, ಬರಿಗೈಯಲ್ಲಿ ವಾಪಸು.

ಕಾಯಂ ಜವಾನ ಉಚ್ಚಂಗಪ್ಪ ಹಾಸಿಗೆ ಹಿಡಿದಾಗಲೆಲ್ಲ ಕೋಟು, ಬಿಲ್ಲೆ ತಂದುಕೊಡುತ್ತಿದ್ದವಳು ಅವನ ಮಗಳು ಹುಲಿಯಮ್ಮ. ಬೀದಿಯ ತಿರುವಿನಲ್ಲಿ ಅವಳ ಹಸಿರು ಚೀಲ ಕಂಡರೆ ಸಾಕು, ಗುತ್ಯಪ್ಪನ ಎದೆ ಡವಡವ. ಅವತ್ತೂ ಕಂಡಿತು.

"ಅಪ್ಪಗೆ ಜ್ವರ ರೀ. ರಾತ್ರಿಯೆಲ್ಲ ನಡುಗಿದಾರೆ."

ಆಗಲೇ ಅವನು ನಕ್ಕಿದ್ದು.

ಹುಲಿಯಮ್ಮ ಅವನ ಮುಖವನ್ನೇ ದಿಟ್ಟಿಸಿದಳು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದಂಗಾತು. ಅಪ್ಪಗೆ ಹುಷಾರಿಲ್ಲ ಅಂದ್ರೆ ಇಷ್ಟು ಖುಷಿ ಏನ್ರೀ ನಿಮಗೆ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ದಿನವಿಡೀ ಆ ಕೋಟು ಮೈಗೆ ಚುಚ್ಚಿತು. ಸಂಜೆ ಮರಳಿಸಲು ಹೋದವನು ಹೊಸ್ತಿಲಾಚೆಯೇ ನಿಂತ. ಒಳಗೆ ಉಚ್ಚಂಗಪ್ಪ ನರಳುತ್ತಿದ್ದ. ಹುಲಿಯಮ್ಮ ಬಾಗಿಲಿಗೆ ಬಂದಳು.

"ದಿನಾ ಬೀದಿ ಕಾಯ್ತೀನಿ ರೀ," ಎಂದ ಗುತ್ಯಪ್ಪ ತಲೆ ತಗ್ಗಿಸಿ. "ನಿಮ್ಮನ್ನ ನೋಡೋ ಆಸೆ. ನೀವು ಬರ್ಬೇಕಂದ್ರೆ ನಿಮ್ಮಪ್ಪ ಮಲಗ್ಬೇಕು. ಅದು ಗೊತ್ತಿದ್ದೂ ಕಾಯ್ತೀನಿ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!"

ಅವಳು ಕೋಟು ಈಸಿಕೊಂಡು ಒಳಗೆ ಹೋದಳು.

ಆಮೇಲೆ ಎರಡು ದಿನ ಬಿಲ್ಲೆ ಪಕ್ಕದ ಮನೆಯವರ ಕೈಲಿ ಬಂತು. ಮೂರನೇ ದಿನ ಉಚ್ಚಂಗಪ್ಪನೇ ಬಂದ. ಗುತ್ಯಪ್ಪ ವಾರವಿಡೀ ಬೀದಿಗೆ ಬೆನ್ನು ಹಾಕಿ ಕೂತ. ಇನ್ನು ಯಾವ ಮುಖ ಇಟ್ಟುಕೊಂಡು ಆ ತಿರುವು ನೋಡಲಿ?

ಒಂದು ಬೆಳಿಗ್ಗೆ, ಕಚೇರಿ ಬಾಗಿಲು ತೆರೆಯುವ ಮೊದಲೇ ಬಳೆಯ ಸದ್ದಾಯಿತು. ತಿರುಗಿದರೆ ಹಸಿರು ಚೀಲ. ದಡಬಡಿಸಿ ಎದ್ದ.

"ಮತ್ತೆ ಜ್ವರ ಬಂತೇನ್ರೀ? ಡಾಕ್ಟರನ್ನ ಕರೀಲಾ?"

ಹುಲಿಯಮ್ಮ ಬಿಳಿಚಿಕೊಂಡ ಆ ಮುಖವನ್ನು ಸಾವಕಾಶವಾಗಿ ನೋಡಿದಳು. ಕಣ್ಣಂಚಿನಲ್ಲಿ ತುಂಟತನ ಇಣುಕಿತು.

"ಅಪ್ಪ ಗಟ್ಟಿ ಅದಾರೆ. ಹಿಂದೇ ಬರ್ತಿದಾರೆ."

"ಮತ್ತೆ ಚೀಲ?"

"ರೊಟ್ಟಿ. ಕೂಲಿ ಇಲ್ಲದ ದಿನ ನೀವು ಬರೀ ನೀರು ಕುಡಿದು ಕೂತಿರ್ತೀರಂತ ಅಪ್ಪನೇ ಹೇಳಿದ್ರು."

ತನ್ನ ಹಸಿವು ಉಚ್ಚಂಗಪ್ಪನಿಗೂ ಗೊತ್ತು! ನಾಚಿಕೆಯಿಂದ ಗುತ್ಯಪ್ಪನ ಕಣ್ಣು ತುಂಬಿತು. ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟಳು.

"ಇನ್ಮೇಲೆ ಅಪ್ಪ ಚೆನ್ನಾಗಿರೋ ದಿನವೇ ಬರ್ತೀನಿ. ಕಾಯ್ತೀರಲ್ಲ?"

ಅವನಿಗೆ ನಗು ಬಂತು. ಹೆದರಿ ತುಟಿ ಕಚ್ಚಿಕೊಂಡ.

"ನಗ್ರಿ ಮತ್ತೆ," ಎಂದಳು ಹುಲಿಯಮ್ಮ. "ಇವತ್ತು ಯಾರಿಗೂ ಜ್ವರ ಇಲ್ಲ."