ಟ್ಯಾಂಕಿನ ಬಾಯಲ್ಲಿ ನಿಂತವನು

ಒಂದಾನೊಂದು ಕಾಲದಲ್ಲಿ... ಅಂದರೆ ಹೋದ ವರ್ಷವೇ ಅನ್ನಿ, ಏಳು ಸಮುದ್ರದಾಚೆಯ ದೊರೆಯೊಬ್ಬ ಮಲವಗೊಪ್ಪದ ಆಚೆ ಉಕ್ಕಿನ ಗುಹೆಗಳನ್ನು ಕಟ್ಟಿಸಿದ್ದ. ಜನ ಅದನ್ನು ಕೆಮಿಕಲ್ ಕಂಪನಿ, ಗುಹೆಗಳನ್ನು ಟ್ಯಾಂಕ್ ಎನ್ನುತ್ತಿದ್ದರು. ಗುಹೆಯೊಳಗಿನ ವಿಷಗಾಳಿಯೆಂಬ ರಾಕ್ಷಸನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯರ ಉಸಿರೇ ಅವನ ಊಟ.

ಅವತ್ತು ಆ ರಾಕ್ಷಸ, ಟ್ಯಾಂಕಿನ ಕೆಲಸಕ್ಕೆ ಇಳಿದಿದ್ದ ಆನಂದನನ್ನು ಹಿಡಿದಿದ್ದ!

"ಅಣ್ಣಾ!" ಲ್ಯಾಬಿನಿಂದ ಓಡಿಬಂದ ದಿವ್ಯಶ್ರೀ ಟ್ಯಾಂಕಿನ ಬಾಯೊಳಗೆ ಕಾಲಿಟ್ಟಳು. ಒರಟು ಕೈಯೊಂದು ಅವಳ ಜಡೆ ಹಿಡಿದೆಳೆದು ನೆಲಕ್ಕೆ ಕೆಡವಿತು.

"ಬಿಡೋ! ನನ್ನಣ್ಣ ಒಳಗಿದಾನೆ!"

"ನೀವೂ ಇಳಿದ್ರೆ ಎರಡು ಹೆಣ ಎತ್ಬೇಕು!"

ಅವನು ಯುವರಾಜ್, ಟ್ಯಾಂಕಿನ ಹೊರಗಿನ ಕಾವಲಿನವನು. ಒಳಗೆ ಏನೇ ಆದರೂ ಕಾವಲಿನವನು ಇಳಿಯಬಾರದು, ಯಾರನ್ನೂ ಇಳಿಯಬಿಡಬಾರದು.

ಅವನ ಮಣಿಕಟ್ಟನ್ನು ರಕ್ತ ಚಿಮ್ಮುವಂತೆ ಕಚ್ಚಿದಳು. ಅವನು ಬಿಡಲಿಲ್ಲ. ಮಾಸ್ಕ್ ಹಾಕಿದವರು ಬಂದು ಎತ್ತುವಷ್ಟರಲ್ಲಿ ಆನಂದನ ಉಸಿರು ನಿಂತಿತ್ತು.

ಕೆಲವು ದಿನಗಳ ಮೇಲೆ ರವೀಂದ್ರನಗರದ ತನ್ನ ಮನೆಗೆ ಬಂದ ಯುವರಾಜನ ಹಣೆಗೆ ದಿವ್ಯಶ್ರೀ ಚೊಂಬು ಬೀಸಿ ಒಗೆದಳು.

"ನಿಂತು ನೋಡಿದೋನು! ಯಾವ ಮುಖ ಇಟ್ಕೊಂಡು ಬಂದೆ?"

ಹಣೆಯ ರಕ್ತವನ್ನೂ ಒರೆಸಿಕೊಳ್ಳದೆ ಅವನೆಂದ: "ಆ ಟ್ಯಾಂಕ್‌ನ ಚೂರು ಚೂರು ಮಾಡಿಸ್ತೀನಿ. ಅಲ್ಲಿವರೆಗೂ ಈ ಬಾಗಿಲು ತುಳಿಯಲ್ಲ."

ಅವನು ಮ್ಯಾನೇಜರನ ಕಾಲರ್ ಹಿಡಿದ, ಸಸ್ಪೆಂಡ್ ಆದ. ವಿದೇಶದ ಸಾಹೇಬರ ಕಾರಿಗೆ ಅಡ್ಡ ಮಲಗಿ ಸೆಕ್ಯೂರಿಟಿಯವರಿಂದ ಒದೆ ತಿಂದ. ಕೊನೆಗೆ ಕಂಪನಿ ಮಣಿಯಿತು. ಟ್ಯಾಂಕ್ ಒಡೆಯುವುದು, ಅವನನ್ನು ವಾಪಸ್ ತೆಗೆದುಕೊಳ್ಳುವುದು, ಇನ್ನು ಹಗ್ಗ ಕಟ್ಟದೆ ಯಾರನ್ನೂ ಇಳಿಸದಿರುವುದು ಎಂದು ತೀರ್ಮಾನವಾಯಿತು.

"ಅವತ್ತು ಅವ್ನು ಹಗ್ಗ ತರೋಕೇ ಹೋಗಿದ್ದ ಮಾರಾಯ್ತಿ," ಎಂದಳು ಲ್ಯಾಬಿನ ಗೆಳತಿ ಪುಷ್ಪಾ. "ಅಷ್ಟರಲ್ಲಿ ಮ್ಯಾನೇಜರ್ ಅವಸರ ಮಾಡಿ ನಿಮ್ಮಣ್ಣನ್ನ ಇಳಿಸಿಬಿಟ್ಟ."

ಹಾಗಾದ್ರೆ ನಾನು ಹೊಡೆದದ್ದು ಯಾರಿಗೆ?

ಒಡೆಯುವ ಮುನ್ನ ತಳದ ಕೆಸರು ತೆಗೆಯಲು ಯಾರೂ ಒಪ್ಪಲಿಲ್ಲ. ಯುವರಾಜನೇ ಮಾಸ್ಕ್ ಹಾಕಿ ಟ್ಯಾಂಕಿನ ಬಾಯಿಗೆ ಹೂಡಿದ್ದ ರಾಟೆಯ ಹಗ್ಗವನ್ನು ಸೊಂಟಕ್ಕೆ ಬಿಗಿದ.

"ಹೊರಗಿನ ಕಾವಲು ನಂದು," ಎಂದಳು ದಿವ್ಯಶ್ರೀ.

"ನೀವಾ?"

"ಯಾಕೆ, ಮತ್ತೆ ಕಚ್ತೀನಿ ಅಂತ ಭಯನಾ?"

ಅವನು ನಕ್ಕು ಇಳಿದ. ಸ್ವಲ್ಪ ಹೊತ್ತಿಗೇ... ಧಡ್! ಒಳಗಿನ ಏಣಿ ಮುರಿದಿತ್ತು. ಅವನು ಅಂಗಾತ ಬಿದ್ದಿದ್ದ, ಮಾಸ್ಕ್ ಮುಖದಿಂದ ಕಿತ್ತುಹೋಗಿತ್ತು.

"ಯುವರಾಜ್!"

ಅವನು ಮಿಸುಕಲಿಲ್ಲ. ಅವಳ ಒಂದು ಕಾಲು ಆಗಲೇ ಒಳಗಿತ್ತು. ಇಳಿ, ಇಳಿ ಎಂದು ಮೈಯೆಲ್ಲ ಕೂಗುತ್ತಿತ್ತು.

ಅಯ್ಯೋ... ಅವತ್ತು ಇವನೂ ಹೀಗೇ ನಿಂತಿದ್ದನಲ್ಲ!

ಕಾಲು ಹಿಂದೆಳೆದುಕೊಂಡು, ಸಹಾಯಕ್ಕೆ ಕಿರುಚುತ್ತಲೇ ಹಗ್ಗದ ರಾಟೆ ತಿರುಗಿಸಿದಳು. ಅಂಗೈ ಚರ್ಮ ಸುಲಿದು ಹಿಡಿಕೆ ಕೆಂಪಾಯಿತು. ಹೊರಬಂದವನ ಕೆನ್ನೆಗೆ ಫಟ್ ಫಟ್ ಎಂದು ಬಾರಿಸಿದಳು.

"ಉಸಿರಾಡೋ! ನೀನೂ ಹೋದ್ರೆ ಕೊಂದ್ಹಾಕ್ತೀನಿ!"

ಅವನು ಕೆಮ್ಮಿದ. "ಒಳಗೆ... ಇಳೀಲಿಲ್ಲ ತಾನೆ?"

"ಇಲ್ಲ ಕಣೋ. ನಿಂತಿದ್ದೆ... ನಿಲ್ಲೋದು ಇಷ್ಟು ಕಷ್ಟ ಅಂತ ಯಾಕೋ ಹೇಳ್ಲಿಲ್ಲ?"

"ಹೇಳೋಕೆ ಎಲ್ಲಿ ಬಿಟ್ರಿ? ಚೊಂಬು ಒಗೆದ್ರಿ."

ಮುಂದಿನ ವಾರ ಭದ್ರಾವತಿಯ ಗ್ಯಾಸ್ ಕಟರ್‌ನವರು ಬಂದರು. ನೀಲಿ ಬೆಂಕಿ ರಾಕ್ಷಸನ ಹೊಟ್ಟೆ ಸೀಳುತ್ತಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡ ಯುವರಾಜ್ ಮೆಲ್ಲಗೆ ಕೇಳಿದ:

"ಇನ್ನು ನಿಮ್ಮ ಬಾಗಿಲಿಗೆ ಬರ್ಬೋದಾ?"

ಅವನ ಮಣಿಕಟ್ಟಿನ ಮೇಲಿನ ತನ್ನ ಹಲ್ಲಿನ ಗುರುತಿಗೆ ದಿವ್ಯಶ್ರೀ ಬೆರಳಿಟ್ಟಳು.

"ಬಾ... ಈ ಸಲ ಚೊಂಬಲ್ಲಿ ನೀರು ಕೊಡ್ತೀನಿ."

ಕೊನೆಯ ತಗಡು ನೆಲಕ್ಕೆ ಅಪ್ಪಳಿಸಿತು.